ಟೈಮ್‌ಟೇಬಲ್ ಪರಿಶೀಲನೆಯಲ್ಲಿದೆ

ನೀವು ನಂಬುವುದಿಲ್ಲ, ಅದು ನನಗೆ ಗೊತ್ತು. ಪರೀಕ್ಷೆಗೆ ಓದಲು ಒಬ್ಬ ಹುಡುಗ ಟೈಮ್‌ಟೇಬಲ್ ಹಾಕಿದ, ಆ ಟೈಮ್‌ಟೇಬಲ್ಲಿಗೆ ಮಂಜೂರಾತಿ ಬರಲಿಲ್ಲ, ಹಾಗಾಗಿ ಓದು ಶುರುವಾಗಲೇ ಇಲ್ಲ ಎಂದರೆ ಯಾರು ತಾನೇ ನಂಬುತ್ತಾರೆ? ನಮ್ಮ ಕೆಳಗಿನ ಫ್ಲ್ಯಾಟಿನ ವಿಕ್ಕಿಯೇ ನಂಬಲಿಲ್ಲ. ನಮ್ಮ ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ಅವರ ಮನೆಯಲ್ಲಿ ಸೀನುತ್ತಾರೆ, ಅಷ್ಟು ಹತ್ತಿರದವನು. ಅವನೇ ನಂಬದ ಮೇಲೆ ನಿಮ್ಮನ್ನು ದೂರಿ ಏನು ಪ್ರಯೋಜನ?

ಇದೆಲ್ಲ ನೆನಪಾದದ್ದು ಒಂದು ಬೂಟಿನ ದೆಸೆಯಿಂದ. ಇವತ್ತು ಬೆಳಿಗ್ಗೆ ಲೇಸು ತುಂಡಾಯಿತು. ಅಮ್ಮ ಅಡುಗೆಮನೆಯಿಂದಲೇ ಒಂದು ಹಸಿರು ದಾರ ಎಸೆದಳು. ಎರಡು ತುದಿಗೂ ತಗಡಿನ ಮೂತಿ. ಸರ್ಕಾರಿ ಫೈಲುಗಳಲ್ಲಿ ಕಾಗದಗಳ ಕಿವಿ ಚುಚ್ಚಿ ಪೋಣಿಸುತ್ತಾರಲ್ಲ, ಆ ಟ್ಯಾಗು. ಬೇರೆಯವರ ಮನೆಯಲ್ಲಿ ಮಕ್ಕಳು ಗೊಂಬೆಗಳ ಜೊತೆ ಬೆಳೆಯುತ್ತಾರೆ, ನಾನು ಟ್ಯಾಗುಗಳ ಜೊತೆ ಬೆಳೆದೆ. ಪರದೆ ಕಟ್ಟಲು ಟ್ಯಾಗು, ಕೊತ್ತಂಬರಿ ಸೊಪ್ಪು ಕಟ್ಟಲು ಟ್ಯಾಗು. ಒಮ್ಮೆ ಸ್ಕೂಲ್ ಡೇ ದಿನ ನನ್ನ ಪಾಯಿಜಾಮದ ಲಾಡಿ ಕೈಕೊಟ್ಟಾಗ ಇಡೀ ಕುಟುಂಬದ ಮಾನ ಕಾಪಾಡಿದ್ದೂ ಟ್ಯಾಗೇ.

ಅಪ್ಪ ದಿಲ್ಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಬೆಳಿಗ್ಗೆ ಇಂದಿರಾಪುರಂನಿಂದ ಚಾರ್ಟರ್ಡ್ ಬಸ್ಸಿನಲ್ಲಿ ಹೋಗಿ, ಸಂಜೆ ಅದೇ ಬಸ್ಸಿನಲ್ಲಿ, ಅದೇ ಕಿಟಕಿಯ ಪಕ್ಕ, ಅದೇ ಮುಖ ಹೊತ್ತು ವಾಪಸು. ಬಾಯಲ್ಲಿ ಕೇಳಿದ್ದಕ್ಕೆ ಅವರು ಎಂದೂ ಉತ್ತರ ಕೊಟ್ಟವರಲ್ಲ. ಮದುವೆಯಾದ ಹೊಸದರಲ್ಲಿ ಅಮ್ಮ ನಾಚಿಕೊಂಡು, "ಸಾರಿಗೆ ಉಪ್ಪು ಹೆಚ್ಚಾಯ್ತೇನ್ರೀ?" ಎಂದು ಕೇಳಿದಳಂತೆ. ಅಪ್ಪ, "ಪರಿಶೀಲಿಸಿ ಹೇಳ್ತೀನಿ," ಎಂದರಂತೆ. ಅದರ ಉತ್ತರ ಇನ್ನೂ ಬಂದಿಲ್ಲ.

ಎರಡನೇ ಕ್ಲಾಸಿನಲ್ಲಿದ್ದಾಗ ನಾನು ಸೈಕಲ್ ಕೇಳಿದೆ. "ಪುಟ್ ಅಪ್ ಮಾಡು," ಎಂದರು. ಹಾಗೆಂದರೆ ಕಾಗದದಲ್ಲಿ ಬರೆದು ಮೇಜಿನ ಮೇಲೆ ಇಡು ಎಂದರ್ಥ. ಬರೆದಿಟ್ಟೆ. ಮರುದಿನ ಅಂಚಿನಲ್ಲಿ ಹಸಿರು ಶಾಯಿಯ ಪ್ರಶ್ನೆ: ಈಗಿರುವ ಮೂರು ಚಕ್ರದ ಸೈಕಲ್ಲಿನ ಸ್ಥಿತಿಗತಿ ಏನು? ಅದಕ್ಕೆ ಉತ್ತರಿಸಿದೆ. ಅದರ ಮೇಲೆ ಇನ್ನೊಂದು ಪ್ರಶ್ನೆ. ಕೊನೆಗೆ ಸೈಕಲ್ ಬಂದಾಗ ನನ್ನ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಅದನ್ನು ವಿಕ್ಕಿಯ ತಂಗಿ ಓಡಿಸಿದಳು.

ಹಸಿರು ಶಾಯಿ ಎಂದೆನಲ್ಲ, ಅದರದ್ದೂ ಒಂದು ಕಥೆ. ಅಪ್ಪನ ಕಚೇರಿಯಲ್ಲಿ ಹಸಿರು ಶಾಯಿ ದೊಡ್ಡ ದೊಡ್ಡ ಸಾಹೇಬರ ಸೊತ್ತು. ಅಪ್ಪನಂಥವರು ನೀಲಿಯಲ್ಲೇ ಬದುಕಿ ನೀಲಿಯಲ್ಲೇ ನಿವೃತ್ತರಾಗಬೇಕು. ಆದರೆ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅವರೇ ದೊಡ್ಡ ಸಾಹೇಬರು. ಇಲ್ಲಿ ಪೆನ್ನಿನ ಬಣ್ಣ ಕೇಳುವವರಿಲ್ಲ.

ಆ ಪೆನ್ನು ಬರೆಯುವ ಮಾತುಗಳಲ್ಲೆಲ್ಲ ಭಯಂಕರವಾದವು ಎರಡೇ ಎರಡು: ಪ್ಲೀಸ್ ಡಿಸ್ಕಸ್. ಕೇಳಲು ಎಷ್ಟು ಮರ್ಯಾದೆ ನೋಡಿ! 'ದಯವಿಟ್ಟು ಚರ್ಚಿಸಿ.' ಆದರೆ ಸರ್ಕಾರಿ ನೌಕರರ ಮಕ್ಕಳನ್ನು ಕೇಳಿ ನೋಡಿ, ಬೆವರುತ್ತಾರೆ. ಅದರ ಅರ್ಥ, ಬಾ, ಎದುರು ನಿಲ್ಲು, ಕಾಗದದಲ್ಲಿ ಬರೆಯಲಾಗದಂಥದ್ದು ನಿನಗೆ ಹೇಳುವುದಿದೆ ಎಂದು. ಒಂಬತ್ತನೇ ಕ್ಲಾಸಿನ ಗಣಿತದ ಅಂಕಪಟ್ಟಿಯ ಮೇಲೆ ಅಪ್ಪ ಆ ಎರಡು ಪದ ಬರೆದ ದಿನ ನಾನು ಊಟಕ್ಕೆ ಕರೆದರೂ ಬಾತ್‌ರೂಮಿನಿಂದ ಹೊರಗೆ ಬಂದಿರಲಿಲ್ಲ.

ಇಷ್ಟು ಪೀಠಿಕೆ ಸಾಕು. ಹೋದ ವರ್ಷ ಹನ್ನೆರಡನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಮುಗಿಯಿತು. ಬಿಸಿನೆಸ್ ಕಲಿಸುವ ದಿಲ್ಲಿಯ ಕಾಲೇಜಿಗೆ ಜೂನ್ ಮೊದಲಲ್ಲಿ ಎಂಟ್ರೆನ್ಸ್ ಪರೀಕ್ಷೆ. ಇಂಗ್ಲಿಷ್, ರೀಸನಿಂಗ್, ಸಾಮಾನ್ಯ ಜ್ಞಾನ, ಗಣಿತ. ಮೊದಲ ಮೂರರ ಬಗ್ಗೆ ನಾನು ಯಾರನ್ನು ಬೇಕಾದರೂ ಬೆದರಿಸಬಲ್ಲೆ. ನಾಲ್ಕನೆಯದು ನನ್ನನ್ನು ಬೆದರಿಸುತ್ತದೆ.

ಅಪ್ಪ ಟೀವಿಯ ಸದ್ದು ಕಡಿಮೆ ಮಾಡಿ ತೀರ್ಪು ಕೊಟ್ಟರು. "ಸೀಟು ಸಿಕ್ಕಿದ್ರೆ ದಿಲ್ಲಿ. ಸಿಗ್ದಿದ್ರೆ ತುಮಕೂರು. ನಿನ್ ಚಿಕ್ಕಪ್ಪನ ಹತ್ರ ಮಾತಾಡಿದೀನಿ. ಅವನ ಕಾಲೇಜಲ್ಲೇ ಬಿ.ಕಾಂ., ಅವನ ಮನೇಲೇ ಊಟ."

ತುಮಕೂರಿನ ಮೇಲೆ ನನಗೇನೂ ದ್ವೇಷವಿಲ್ಲ. ಭಯ ಚಿಕ್ಕಪ್ಪನದು. ಚಿಕ್ಕಪ್ಪ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು. ಗಾಳಿಗೆ ನಿದ್ದೆ ಬರುತ್ತದೆಂದು ಓದುವಾಗ ಫ್ಯಾನ್ ಆರಿಸುತ್ತಾರೆ. ಅವರು ಹಾಲಿಗೆ ಬಂದರೆ ಅವರ ಮಕ್ಕಳು ಎದ್ದು ನಿಲ್ಲುತ್ತಾರೆ. ಅವರ ಮನೆಯ ಹಲ್ಲಿ ಕೂಡ ಲೊಚಗುಟ್ಟುವ ಮುಂಚೆ ಗಡಿಯಾರ ನೋಡುತ್ತದೆ. ಒಂದು ಬೇಸಿಗೆ ರಜೆಗೆ ಅಲ್ಲಿಗೆ ಹೋಗಿದ್ದಾಗ ನಾನು ಮಾವಿನಹಣ್ಣು ತಿನ್ನುತ್ತಿದ್ದೆ. "ಸರಾಸರಿ ಒಂದು ಹಣ್ಣಿನ ಓಟೆ ಎಷ್ಟು ತೂಗುತ್ತೆ ಹೇಳು," ಎಂದರು. ಆ ಹಣ್ಣು ನನ್ನ ಗಂಟಲಲ್ಲಿ ಇನ್ನೂ ಇದೆ.

ಅದೂ ಅಲ್ಲದೆ ನಾನು ಊರಿಗೆಲ್ಲ ಡಂಗುರ ಸಾರಿಬಿಟ್ಟಿದ್ದೆ. ಕಣ್ಣು ಮುಚ್ಚಿಕೊಂಡು ಬರೆದರೂ ಸೀಟು ನನ್ನದೇ ಎಂದು ಲಿಫ್ಟಿನಲ್ಲಿ, ಪಾರ್ಕಿನಲ್ಲಿ, ಇಸ್ತ್ರಿ ಭಯ್ಯಾನ ಹತ್ತಿರ. ಮೇಲಿನ ಮಹಡಿಯ ಶರ್ಮಾ ಆಂಟಿ ಸಿಕ್ಕಾಗಲೆಲ್ಲ, "ಬೇಟಾ, ಮಿಠಾಯಿ ಕಬ್?" ಎಂದು, ಸಿಹಿ ಯಾವಾಗ ಹಂಚುತ್ತೀಯೆಂದು ಕೇಳುತ್ತಿದ್ದರು. ನಾನು ಜೋರಾಗಿ ನಗುತ್ತಿದ್ದೆ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ನಗು ಎಲ್ಲಿ ಹೋಗುತ್ತಿತ್ತೋ ಗೊತ್ತಿಲ್ಲ.

"ಮೊದಲು ಟೈಮ್‌ಟೇಬಲ್ ಹಾಕು," ಎಂದರು ಅಪ್ಪ. "ಹಾಕಿ ಪುಟ್ ಅಪ್ ಮಾಡು."

ನಾನು ಹಾಕಿದ ಆ ಮೊದಲ ಟೈಮ್‌ಟೇಬಲ್ಲನ್ನು ನೀವು ನೋಡಬೇಕಿತ್ತು. ಚಾರ್ಟ್ ಪೇಪರು, ಸ್ಕೆಚ್ ಪೆನ್ನು, ವಿಷಯಕ್ಕೊಂದು ಬಣ್ಣ. ಗಣಿತಕ್ಕೆ ತಿಳಿ ಹಳದಿ, ದೂರದಿಂದ ಕಾಣಬಾರದು ಎಂದು. ಅದನ್ನು ಮಾಡಲು ಎರಡು ದಿನ ಹಿಡಿಯಿತು. ಆ ಎರಡು ದಿನ ಅಮ್ಮ ನನಗೆ ಬಾದಾಮಿ ಹಾಲು ಕೊಟ್ಟಳು, ಮಗ ಓದುತ್ತಿದ್ದಾನೆಂದು.

ಮೂರನೆಯ ದಿನ ಅದು ಹಸಿರು ಶಾಯಿ ಹೊತ್ತು ವಾಪಸು ಬಂತು. 'ವಿದ್ಯುತ್ ಇಲ್ಲದ ವೇಳೆಯಲ್ಲಿ ಬದಲಿ ವ್ಯವಸ್ಥೆ ಏನು?'

ಪ್ರಶ್ನೆ ಸರಿಯೇ. ನಮ್ಮ ಇಂದಿರಾಪುರಂ ದಿಲ್ಲಿಗೆ ಅಂಟಿಕೊಂಡಿದ್ದರೂ ಕರೆಂಟಿನ ಮಟ್ಟಿಗೆ ಉತ್ತರ ಪ್ರದೇಶ. ಬೇಸಿಗೆಯಲ್ಲಿ ಕರೆಂಟು ನೆಂಟರ ಹಾಗೆ, ಬಂದಾಗ ಸಂಭ್ರಮ, ಯಾವಾಗ ಹೊರಡುತ್ತದೋ ಹೇಳುವವರಿಲ್ಲ. ಸೊಸೈಟಿಯ ಜನರೇಟರು ಮನೆಗೊಂದು ಟ್ಯೂಬ್‌ಲೈಟು, ಒಂದು ಫ್ಯಾನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ನಾನು ಎರಡನೆಯ ಟೈಮ್‌ಟೇಬಲ್ ಹಾಕಿದೆ. ಅದಕ್ಕೆ ಬಂದ ಪ್ರಶ್ನೆ, 'ಸ್ನಾನಕ್ಕೆ ಇಷ್ಟು ಹೊತ್ತು ಯಾಕೆ? ಸಮರ್ಥನೆ ಕೊಡಿ.' ಮೂರನೆಯದಕ್ಕೆ, 'ಇತರೆ ಎಂದರೇನು?'

ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಿಂತಾಗಲೇ ನನಗೆ ಜ್ಞಾನೋದಯವಾಯಿತು. ಇಲ್ಲಿ ನನ್ನ ಬುದ್ಧಿವಂತಿಕೆಯನ್ನು ನೀವು ಸ್ವಲ್ಪ ಗಮನಿಸಬೇಕು, ಯಾಕೆಂದರೆ ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಟೈಮ್‌ಟೇಬಲ್ ಪರಿಶೀಲನೆಯಲ್ಲಿರುವ ತನಕ, ಓದಿದೆಯಾ ಎಂದು ಯಾರೂ ಕೇಳುವ ಹಾಗಿಲ್ಲ! ಫೈಲು ಓಡಾಡುತ್ತಿದೆ ಎಂದರೆ ಕೆಲಸ ನಡೆಯುತ್ತಿದೆ ಎಂದೇ ಅಪ್ಪನ ಲೆಕ್ಕ. ಅವರ ಇಡೀ ಕಚೇರಿ ನಿಂತಿರುವುದೇ ಈ ನಂಬಿಕೆಯ ಮೇಲೆ.

ಅಲ್ಲಿಂದ ಮುಂದೆ ಪ್ರತಿ ಟೈಮ್‌ಟೇಬಲ್ಲಿನಲ್ಲೂ ಬೇಕೆಂದೇ ಒಂದು ತಪ್ಪು ನೆಟ್ಟೆ. ಒಮ್ಮೆ ಮಧ್ಯಾಹ್ನದ ಊಟ ಆದಮೇಲೆ ತಿಂಡಿ ಇಟ್ಟೆ. ಒಮ್ಮೆ ಬುಧವಾರವನ್ನೇ ಮರೆತೆ. ತಪ್ಪು ಸಿಕ್ಕ ದಿನ ಅಪ್ಪನ ಮುಖ ನೋಡಬೇಕು, ಹೋಳಿಗೆ ತಿಂದವರ ಹಾಗೆ. "ಏನಯ್ಯಾ, ಬುಧವಾರ ಎಲ್ಲಿ ಹೋಯ್ತು?" ಎಂದು ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಅರೇ, ಸಾರಿ ಅಪ್ಪ, ತಿದ್ದಿ ತರ್ತೀನಿ," ಎನ್ನುತ್ತಿದ್ದೆ. ತಿದ್ದಲು ಮತ್ತೆ ಎರಡು ದಿನ.

ಅಮ್ಮನಿಗೆ ಮಾತ್ರ ಇದು ಅರ್ಥವಾಗುತ್ತಿರಲಿಲ್ಲ. ಅಮ್ಮ ಯಾವ ಕಚೇರಿಯಲ್ಲೂ ಕೆಲಸ ಮಾಡಿದವಳಲ್ಲ, ಆದ್ದರಿಂದ ಅವಳಿಗೆ ಕೆಲಸ ಮಾಡಿಯೇ ಅಭ್ಯಾಸ. "ಟೈಮ್‌ಟೇಬಲ್ ಹಾಕೋ ಹೊತ್ತಲ್ಲಿ ಎರಡು ಪಾಠ ಓದ್ಬಹುದಿತ್ತಲ್ಲೋ ಪುಟ್ಟ," ಎಂದಳು.

"ಹಂಗಲ್ಲಮ್ಮ. ಪ್ಲಾನಿಂಗ್ ಅಂದ್ರೆ ಅರ್ಧ ಯುದ್ಧ ಗೆದ್ದಂಗೆ."

"ಇನ್ನರ್ಧ ಯಾರ್ ಮಾಡ್ತಾರೆ? ಶರ್ಮಾ ಆಂಟಿನಾ?"

ನಿಮಗೊಂದು ವಿಷಯ ಹೇಳಲಿಲ್ಲ. ಈ ನಡುವೆ ಒಂದು ಮಧ್ಯಾಹ್ನ, ಅಪ್ಪ ಕಚೇರಿಯಲ್ಲಿ, ಅಮ್ಮ ನಿದ್ದೆಯಲ್ಲಿ, ಹೊರಗೆ ಕಿಟಕಿಯ ಗಾಜನ್ನೇ ಕರಗಿಸುವಂಥ ಬಿಸಿಗಾಳಿ. ಯಾರೂ ನೋಡುತ್ತಿಲ್ಲ ಎಂದು ನಾನು ಗಣಿತದ ಪುಸ್ತಕ ತೆರೆದೆ. ಹುಡುಗರು ಬೇರೆ ಏನೇನನ್ನೋ ಕದ್ದು ತೆರೆಯುತ್ತಾರೆ, ನನ್ನ ಹಣೆಬರಹಕ್ಕೆ ಇದು. ಕಣ್ಣಿಗೆ ಬಿದ್ದ ಮೊದಲ ಲೆಕ್ಕ: ಒಂದು ದುಂಡು ಮೇಜಿನ ಸುತ್ತ ಕೆಲವು ಅತಿಥಿಗಳನ್ನು ಎಷ್ಟು ಬಗೆಯಲ್ಲಿ ಕೂರಿಸಬಹುದು, ಆದರೆ ಅವರಲ್ಲಿ ಇಬ್ಬರು ಅಕ್ಕಪಕ್ಕ ಕೂರಬಾರದು. ನಮ್ಮ ಮನೆಗೆ ಅತಿಥಿಗಳು ಬಂದರೆ ಮಂಚದ ಮೇಲೆ, ಬೆತ್ತದ ಸ್ಟೂಲಿನ ಮೇಲೆ, ವಾಷಿಂಗ್ ಮಷಿನ್ನಿನ ಮೇಲೆ ಎಲ್ಲಿ ಜಾಗವೋ ಅಲ್ಲಿ ಕೂರುತ್ತಾರೆ. ಇವರಿಗೇನು ಬಂದಿದೆ ರೋಗ? ಹೀಗೆಂದು ನಗಲು ಹೋದೆ. ನಗು ಬರಲಿಲ್ಲ. ಪುಟ ತಿರುಗಿಸಿದೆ, ಅದೂ ಗೊತ್ತಿಲ್ಲ. ಇನ್ನೊಂದು, ಅದೂ ಇಲ್ಲ. ಬೇಗ ಬೇಗ ತಿರುಗಿಸಿದೆ, ಎಲ್ಲಾದರೂ ಪರಿಚಯದ ಮುಖ ಸಿಕ್ಕೀತು ಎಂದು. ಕಿವಿಯಲ್ಲಿ ಗುಂಯ್ ಎಂದಿತು. ಪುಸ್ತಕ ಮುಚ್ಚಿ, ಅದರ ಮೇಲೆ ನಿಘಂಟು ಇಟ್ಟು, ನಿಘಂಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟೆ, ಹೊರಗೆ ಬರಬಾರದೆಂದು. ಆಮೇಲೆ ಕೂತು ಅತ್ಯಂತ ಸುಂದರವಾದ ಹೊಸ ಟೈಮ್‌ಟೇಬಲ್ ಹಾಕಿದೆ. ಅದರ ಗೆರೆಗಳು ಮಾತ್ರ ನೇರವಾಗಿ ಬಂದವು.

ವಿಕ್ಕಿಯೂ ಅದೇ ಪರೀಕ್ಷೆಗೆ ಕೂರುವವನಿದ್ದ. ಅವನು ಲಕ್ಷ್ಮೀನಗರದ ಕೋಚಿಂಗಿಗೆ ಹೋಗಿ ಬರುತ್ತ ಕರ್ರಗಾಗಿ, ಸಣ್ಣಗಾಗಿ, ನೋಡಲು ಸುಟ್ಟ ಪಾಪಡ್ ಆಗಿದ್ದ. ಲಿಫ್ಟಿನಲ್ಲಿ ಸಿಕ್ಕು, "ಅಬೇ, ಮ್ಯಾಥ್ಸ್ ಖತಮ್?" ಎಂದ.

"ಕಬ್ ಕಾ," ಎಂದೆ. ಎಂದೋ ಮುಗಿಯಿತು ಎಂಬ ಧಾಟಿಯಲ್ಲಿ. "ಅಬ್ ತೋ ರಿವಿಜನ್."

ಅವನ ಮುಖ ಪೆಚ್ಚಾಯಿತು. ನನ್ನ ಮುಖ ಹೇಗಿತ್ತೋ ಲಿಫ್ಟಿನ ಕನ್ನಡಿಯಲ್ಲಿ ನೋಡಲು ಧೈರ್ಯವಾಗಲಿಲ್ಲ.

ಪರೀಕ್ಷೆಗೆ ಒಂದು ವಾರವೂ ಇಲ್ಲ ಎಂದಾಗ ಅಪ್ಪನಿಗೆ ಲಖನೌಗೆ ಟೂರ್ ಬಿತ್ತು. ನನ್ನ ಇತ್ತೀಚಿನ ಟೈಮ್‌ಟೇಬಲ್ ಅವರ ಮೇಜಿನ ಮೇಲಿತ್ತು. ನಾನು ಒಳಗೊಳಗೇ ಕುಣಿದೆ. ಸಾಹೇಬರು ಊರಲ್ಲಿಲ್ಲ, ಫೈಲು ನಿಂತಲ್ಲೇ ನಿಲ್ಲುತ್ತದೆ. ಆದರೆ ಕುಣಿತದ ನಡುವೆಯೇ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಫೈಲು ನಿಲ್ಲುತ್ತದೆ ಸರಿ, ಪರೀಕ್ಷೆಯ ಭಾನುವಾರ ನಿಲ್ಲುವುದಿಲ್ಲವಲ್ಲ.

ಅಪ್ಪ ಏರ್‌ಬ್ಯಾಗಿನ ಜಿಪ್ಪು ಎಳೆಯುತ್ತ ಹೇಳಿದರು. "ನಾನಿಲ್ಲದಾಗ ನಿಮ್ಮಮ್ಮನೇ ಲಿಂಕ್ ಆಫೀಸರ್."

ಒಬ್ಬ ಅಧಿಕಾರಿ ಇಲ್ಲದಾಗ ಅವರ ಫೈಲು ನೋಡುವವರಿಗೆ ಹಾಗೆನ್ನುತ್ತಾರೆ. ಅಪ್ಪ ತಮಾಷೆಗೆ ಹೇಳಿದ್ದು. ಅಪ್ಪನ ಆ ವರ್ಷದ ಒಂದೇ ಒಂದು ತಮಾಷೆ, ಅದೂ ನನ್ನ ಕುತ್ತಿಗೆಗೇ ಬಂತು.

ಮರುದಿನ ಬೆಳಿಗ್ಗೆ ಅಮ್ಮ ಚಪಾತಿ ಹಿಟ್ಟು ಕಲಸುತ್ತಿದ್ದಳು. "ಏನೋ, ಓದ್ತಾ ಇಲ್ವಾ?"

"ಟೈಮ್‌ಟೇಬಲ್ ಅಪ್ರೂವ್ ಆಗಿಲ್ಲಮ್ಮ."

"ತಾ ಇಲ್ಲಿ."

"ಅಮ್ಮ, ಹಂಗೆಲ್ಲ ಆಗಲ್ಲ, ಮೊದಲು ಅಪ್ಪ ನೋಡಿ..."

"ಓದೋಕೆ ಯಾರ ಅಪ್ಪಣೆ ಬೇಕೋ ನಿಂಗೆ? ಲಿಂಕು ಅಂತೆ ನಾನು, ಕೇಳಿಸ್ಲಿಲ್ವಾ? ಕೊಡು."

ಹಿಟ್ಟಿನ ಕೈಯಲ್ಲೇ ನನ್ನ ಕೆಂಪು ಸ್ಕೆಚ್ ಪೆನ್ನು ಕಿತ್ತುಕೊಂಡು ಅಡ್ಡಡ್ಡಲಾಗಿ ಸಹಿ ಹಾಕಿದಳು. ಒಂದು ಪ್ರಶ್ನೆ ಇಲ್ಲ. ಇತರೆ ಎಂದರೇನು ಎಂದು ಕೇಳಲಿಲ್ಲ. ಬುಧವಾರ ಹುಡುಕಲಿಲ್ಲ. ಇಡೀ ಬೇಸಿಗೆ ನಾನು ಕಟ್ಟಿದ ಕೋಟೆ, ಒಂದು ಚಪಾತಿ ಲಟ್ಟಿಸುವಷ್ಟು ಹೊತ್ತಿನಲ್ಲಿ ನೆಲಸಮ. ಅದನ್ನು ನನ್ನ ಮೇಜಿನ ಮುಂದಿನ ಗೋಡೆಗೆ ಅವಳೇ ಅಂಟಿಸಿದಳು. ಬೆಳಗಿನ ಹೊತ್ತು ತಿಳಿ ಹಳದಿ.

ಕೂತೆ. ಇಸ್ತ್ರಿ ಪೆಟ್ಟಿಗೆ ತೆಗೆದೆ, ನಿಘಂಟು ತೆಗೆದೆ, ಪುಸ್ತಕ ತೆರೆದೆ. ಅತಿಥಿಗಳು ಇನ್ನೂ ನಿಂತೇ ಇದ್ದರು. ಕೂಲರಿನ ಸದ್ದು ದೊಡ್ಡದಾಗುತ್ತ ಹೋಯಿತು. ಅಂಗೈಯ ಬೆವರಿಗೆ ಪುಟದ ಮೂಲೆ ಒದ್ದೆಯಾಯಿತು. ಅದೇ ಸಾಲನ್ನು ಓದುತ್ತಿದ್ದೆ, ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೆಂದು ಮರೆಯುತ್ತಿತ್ತು. ಅಮ್ಮ ಮಜ್ಜಿಗೆ ಇಟ್ಟು ಹೋದಳು. ಎಷ್ಟೋ ಹೊತ್ತಾದ ಮೇಲೆ ಬಂದು ನೋಡಿದರೆ ಮಜ್ಜಿಗೆ ಹಾಗೇ ಇದೆ, ಪುಟವೂ ಹಾಗೇ ಇದೆ, ನಾನೂ ಹಾಗೇ ಇದ್ದೇನೆ.

"ಏನಾಯ್ತೋ?"

"ಏನಿಲ್ಲಮ್ಮ, ನೆಂಟರು ಬಂದಿದಾರೆ. ಕೂರಿಸ್ತಾ ಇದೀನಿ."

ತಮಾಷೆ ಚೆನ್ನಾಗಿತ್ತು. ದನಿ ಮಾತ್ರ ನನ್ನದಾಗಿರಲಿಲ್ಲ. ಅಮ್ಮ ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನನ್ನ ಹಣೆ ಮುಟ್ಟಿದಳು.

"ಜ್ವರ ಇಲ್ಲ," ಎಂದಳು. ಜ್ವರ ಇದ್ದಿದ್ದರೇ ಚೆನ್ನಾಗಿತ್ತು ಎನ್ನುವ ಹಾಗೆ.

"ಅಮ್ಮ, ನಂಗೆ ಬರಲ್ಲ."

"ಯಾವುದು?"

"ಯಾವುದೂ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ಏನಾದರೂ ಎದುರುತ್ತರ ಕೊಟ್ಟು, ಅವಳನ್ನು ನಗಿಸಿ, ತಪ್ಪಿಸಿಕೊಳ್ಳುತ್ತಿದ್ದೆ. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವಳು ಮಜ್ಜಿಗೆಯ ಲೋಟ ಎತ್ತಿಕೊಂಡು ಹೋದಳು. ಹಾಲಿನಲ್ಲಿ ಫೋನಿನ ಗುಂಡಿಗಳ ಸದ್ದು. ಅಪ್ಪನ ಮೊಬೈಲಿನದು ದಿಲ್ಲಿಯ ನಂಬರು, ಲಖನೌನಲ್ಲಿ ಕರೆ ತೆಗೆದುಕೊಂಡರೂ ದುಡ್ಡು ಕತ್ತರಿಸುತ್ತಿತ್ತು. ಅಮ್ಮ ಯಾವಾಗಲೂ ತಂತಿ ಕಳಿಸುವವಳ ಹಾಗೆ ಎರಡು ಮಾತಾಡಿ ಇಟ್ಟುಬಿಡುತ್ತಾಳೆ. ಅವತ್ತು ಮೆಲ್ಲಗೆ, ತುಂಬ ಹೊತ್ತು ಮಾತಾಡಿದಳು. ನನಗೆ ಕೇಳಿಸಿದ್ದು ಒಂದೇ ಮಾತು. "ಹೆದರಿದಾನೆ ಕಣ್ರೀ."

ಮುಗಿಯಿತು ಎಂದುಕೊಂಡೆ. ಈಗ ಅಲ್ಲಿಂದ ತುಮಕೂರಿಗೆ ಫೋನ್ ಹೋಗುತ್ತದೆ. ಚಿಕ್ಕಪ್ಪ ನನಗಾಗಿ ಒಂದು ಫ್ಯಾನಿಲ್ಲದ ಕೋಣೆ ಗುಡಿಸಿಡುತ್ತಾರೆ. ಅವತ್ತು ಸಂಜೆ ನಾನು ಬಾಲ್ಕನಿಯಲ್ಲಿ ನಿಂತು ಗೋಲ್‌ಗಪ್ಪಾ ಗಾಡಿಯನ್ನು ನೋಡಿದ ರೀತಿ ನೀವು ನೋಡಬೇಕಿತ್ತು. ನೇಣಿಗೆ ಹೋಗುವವನೂ ಅಷ್ಟು ಆಸೆಯಿಂದ ಆಕಾಶ ನೋಡಲಾರ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಮೇಜು, ಅದೇ ತಿಳಿ ಹಳದಿ. ಕರೆಂಟು ಹೋಗಿತ್ತು. ಬೆಲ್ಲಿಗೂ ಕರೆಂಟಿಲ್ಲದೆ ಯಾರೋ ಬಾಗಿಲು ಬಡಿದರು. ಅಮ್ಮ ತೆಗೆದಳು. ಏರ್‌ಬ್ಯಾಗು ನೆಲಕ್ಕೆ ಬಿದ್ದ ಸದ್ದು. ಆಮೇಲೆ ನನ್ನ ಕೋಣೆಯ ಬಾಗಿಲಲ್ಲಿ ಅಪ್ಪ.

ಅಂಗಿ ಮುದುಡಿ ಮುದ್ದೆಯಾಗಿತ್ತು. ಗಡ್ಡ ಕೆರೆದಿರಲಿಲ್ಲ. ಜನರಲ್ ಬೋಗಿಯಲ್ಲಿ ಜೋತುಬಿದ್ದು ಬಂದವರ ಹಾಗೆ ಕೂದಲು ಒಂದೇ ಕಡೆಗೆ ಎದ್ದು ನಿಂತಿತ್ತು. ನಾನು ತುಮಕೂರಿನ ಮಕ್ಕಳ ಹಾಗೆ ಎದ್ದು ನಿಂತೆ.

"ಟೂರ್ ಮುಗೀತಾ ಅಪ್ಪ?"

"ಇಲ್ಲ."

"ಮತ್ತೆ ಪರ್ಮಿಷನ್ ಕೊಟ್ರಾ?"

"ಕೇಳ್ಲಿಲ್ಲ," ಎಂದರು ಅಪ್ಪ.

ನಾನು ನಿಜಕ್ಕೂ ಹೆದರಿದ್ದು ಆಗ. ವಿಷಮಶೀತ ಜ್ವರ ಬಂದಾಗಲೂ ರಜೆ ಅರ್ಜಿಯನ್ನು ಕ್ಲಾಸಿಕ್ ಇಂಗ್ಲಿಷಿನಲ್ಲಿ ಬರೆದು ಕಳಿಸಿದ ಮನುಷ್ಯ ಇವರು. ಈ ಮನುಷ್ಯ ಯಾರನ್ನೂ ಕೇಳದೆ ಎದ್ದು ಬಂದಿದ್ದಾರೆ ಎಂದರೆ ನನ್ನ ಸ್ಥಿತಿ ನಾನು ತಿಳಿದಿದ್ದಕ್ಕಿಂತ ಕೆಟ್ಟದಾಗಿರಬೇಕು.

"ಪ್ಲೀಸ್ ಡಿಸ್ಕಸ್ಸಾ ಅಪ್ಪ?" ಎಂದು ಕೇಳಿದೆ.

ಅಪ್ಪ ಗೋಡೆಯ ಮೇಲಿನ ಟೈಮ್‌ಟೇಬಲ್ಲನ್ನು ಅಮ್ಮನ ಸಹಿಯ ಸಮೇತ ಕಿತ್ತರು. ಒಂದು ಮೂಲೆ ಗೋಡೆಯಲ್ಲೇ ಉಳಿಯಿತು. ಅದನ್ನು ಮಗುಚಿ, ಹಿಂದಿನ ಬಿಳಿಯ ಬದಿ ಮೇಲೆ ಬರುವಂತೆ ನನ್ನ ಮುಂದೆ ಹರಡಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ರೈಲಿನ ಕಬ್ಬಿಣದ ವಾಸನೆ ಬಂತು. ಪುಸ್ತಕ ತಮ್ಮ ಕಡೆಗೆ ಎಳೆದು, ಕನ್ನಡಕ ಹಣೆಗೇರಿಸಿ, ತುಂಬ ಹೊತ್ತು ನೋಡಿದರು. ತುಟಿ ಅಲ್ಲಾಡುತ್ತಿತ್ತು.

"ನಂಗೂ ಬರಲ್ಲ ಕಣೋ," ಎಂದರು ಕೊನೆಗೆ. "ಜೋರಾಗಿ ಓದು. ಇಬ್ರೂ ಕೇಳಿಸ್ಕೊಳೋಣ."